ಜಿಲ್ಬೆರ್ತ್ ಅತ್ತೆಯ ಗಾಡಿ ಮತ್ತು ಚಪ್ಪಟೆಮೂಗಿನ ಕವಿ

ಏಯ್, ಆ ಬದಿಯ ನೆರಳಿನಲ್ಲಿ ನಿಂತವರೇ! ಸೈಕಲ್ ಅಣ್ಣಾ, ಒಂದು ಕಾಲು ನೆಲಕ್ಕೆ ಊರು! ಬ್ರೆಡ್ಡು ಕಂಕುಳಲ್ಲಿ ಇರುಕಿಕೊಂಡು ಹೊರಟ ಅಕ್ಕಾ, ಅದೇನು ಓಡಿಹೋಗುವುದಿಲ್ಲ, ಸ್ವಲ್ಪ ನಿಲ್ಲು! ಶನಿವಾರ ನಮ್ಮ ವಾವ್ರಕೂರಿನ ಸಂತೆಚೌಕದಲ್ಲಿ ಏನಾಯಿತು ಅಂತ ನಿಮಗೆ ಹೇಳಿದವರೆಲ್ಲ ಅರ್ಧ ಹೇಳಿದ್ದಾರೆ. ಪೇಪರಿನವರು ಕಾಲು ಭಾಗವೂ ಬರೆದಿಲ್ಲ. ಪೂರ್ತಿ ಬೇಕೆಂದರೆ ಜಿಲ್ಬೆರ್ತ್ ಅತ್ತೆಯಿಂದಲೇ ಶುರುಮಾಡಬೇಕು.

ಜಿಲ್ಬೆರ್ತ್ ವಾತ್ಬ್ಲೆ ನನಗೆ ಅತ್ತೆಯಲ್ಲ, ನಿಮಗೂ ಅಲ್ಲ, ಆದರೆ ಊರಿಗೆಲ್ಲ ಅತ್ತೆ. ವಯಸ್ಸು ಅರವತ್ತೊಂಬತ್ತು. ಮೊಣಕೈವರೆಗೆ ಬಿಸಿ ಕೊಬ್ಬು ಸಿಡಿದ ಚುಕ್ಕೆಗಳು. ಮೂವತ್ತೊಂದು ವರ್ಷದಿಂದ ಚೌಕದ ಗಂಟೆಗೋಪುರದ ಎದುರಿಗೆ ತನ್ನ ಗಾಡಿ ನಿಲ್ಲಿಸಿಕೊಂಡು ಆಲೂಗಡ್ಡೆ ಕರಿಯುತ್ತಾಳೆ. ದನದ ಕೊಬ್ಬಿನಲ್ಲಿ ಎರಡು ಸಲ ಕರಿಯುತ್ತಾಳೆ. ಮೊದಲ ಸಲ ಬೇಯುವುದಕ್ಕೆ, ಎರಡನೇ ಸಲ ಮಾತನಾಡುವುದಕ್ಕೆ ಅನ್ನುತ್ತಾಳೆ. ಎರಡನೇ ಸಲ ಹಾಕಿದಾಗ ಆಲೂಗಡ್ಡೆ ಚಟಪಟ ಅನ್ನುತ್ತದಲ್ಲ, ಅದು ತನ್ನ ಜೊತೆ ಮಾತನಾಡುತ್ತದೆ ಎಂದು ಅವಳ ನಂಬಿಕೆ. ಯಾರಾದರೂ ಕೆಚಪ್ ಕೇಳಿದರೆ, "ನಿಮ್ ಮನೇಲಿ ಎಲ್ರೂ ಚೆನ್ನಾಗವ್ರಾ?" ಎಂದು ನಿಜವಾದ ಕಾಳಜಿಯಿಂದ ವಿಚಾರಿಸುತ್ತಾಳೆ.

ಆ ಗಾಡಿ ನೋಡಿದ್ದೀರಿ. ಎರಡು ಚಕ್ರದ ಮೇಲೆ ತಗಡಿನ ಗೂಡು, ಒಂದು ಬದಿಯ ಬಾಗಿಲು ಮೇಲಕ್ಕೆತ್ತಿದರೆ ಅದೇ ಚಾವಣಿ. ಊರಿನ ಎಳೆಯರು ಅದಕ್ಕೆ ಫ್ರೈಸ್ ಅಂಗಡಿ ಅನ್ನುತ್ತಾರೆ. ಹಳಬರು 'ಕಾರ್' ಅನ್ನುತ್ತಾರೆ. ನೀವು ಓಡಿಸುವ ಕಾರಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದ, ಪಿಕಾರ್ ಎಂಬ ಈ ಸೀಮೆಯ ಮಾತಿನಲ್ಲಿ ಕುದುರೆ ಕಟ್ಟುವ ಗಾಡಿಗೆ 'ಕಾರ್' ಎಂದೇ ಹೆಸರು. ಅತ್ತೆಯ ಅಪ್ಪ ಸಕ್ಕರೆ ಕಾರ್ಖಾನೆಗೆ ಬೀಟ್‌ರೂಟ್ ಗಾಡಿ ಹೊಡೆಯುತ್ತಿದ್ದವನು, ಅವಳು ಹುಟ್ಟಿದ್ದೂ ಬೆಳೆದದ್ದೂ ಆ ಮಾತಿನಲ್ಲೇ. ಶಾಲೆಯಲ್ಲಿ ಆ ಮಾತು ಬಾಯಿಂದ ಬಂದರೆ ಮೇಷ್ಟ್ರು ಅವಳನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದರಂತೆ. "ನಾನ್ ಓದಿದ್ದೆಲ್ಲ ಹೊರಗ್ ನಿಂತ್ಕಂಡೇ," ಅನ್ನುತ್ತಾಳೆ. "ಒಳಗ್ ಏನ್ ಹೇಳ್ಕೊಟ್ರೋ ನಂಗೊತ್ತಿಲ್ಲ."

ಒಳಗೆ ಹೇಳಿಕೊಟ್ಟಿದ್ದರಲ್ಲಿ ಮುಖ್ಯವಾದದ್ದು ಚಪ್ಪಟೆಮೂಗಿನ ಗಿಸ್ಲೆನ್.

ಅವನು ನಮ್ಮ ಊರಿನ ಕವಿ. ಏಳುನೂರೈವತ್ತು ವರ್ಷದ ಹಿಂದೆ ಇದೇ ಬೀದಿಗಳಲ್ಲಿ ತಿರುಗಾಡಿದವನು. ಅವನದು ಉಳಿದಿರುವುದು ಒಂದೇ ಪದ್ಯ, ಹನ್ನೆರಡು ನುಡಿ. ಐನೂರು ವರ್ಷ ಅವನನ್ನು ಯಾರೂ ಕೇಳಲಿಲ್ಲ. ಆಮೇಲೆ ಒಬ್ಬ ಪಾದ್ರಿಗೆ ಹಳೆಯ ಕೈಬರಹದ ಪುಸ್ತಕದಲ್ಲಿ ಅದು ಸಿಕ್ಕಿ, ಅವನು ತಿದ್ದಿ ಅಚ್ಚುಮಾಡಿಸಿದ. ಮೊದಮೊದಲು ವಿಮರ್ಶಕರು "ಒರಟು ಹಳ್ಳಿಗ" ಎಂದು ಮೂಗು ಮುರಿದರು. ಮುಂದಿನ ತಲೆಮಾರಿನವರು "ಛೇ, ಇವನು ತತ್ತ್ವಜ್ಞಾನಿ" ಎಂದರು. ಅದಕ್ಕೆಲ್ಲ ಕಾರಣ ಪ್ರತಿ ನುಡಿಯ ಕೊನೆಯಲ್ಲಿ ಬರುವ ಎರಡೇ ಎರಡು ಪದ: "ಕಾರ್ ದೆಮೂರ್."

ಶಾಲೆಯ ಫ್ರೆಂಚಿನಲ್ಲಿ 'ಕಾರ್' ಅಂದರೆ 'ಏಕೆಂದರೆ'. 'ದೆಮೂರ್' ಅಂದರೆ ಉಳಿಯುತ್ತದೆ, ಇದ್ದಲ್ಲೇ ಇರುತ್ತದೆ. "ಏಕೆಂದರೆ ಉಳಿಯುತ್ತದೆ." ಏನು ಉಳಿಯುತ್ತದೆ? ಯಾವುದಕ್ಕೆ 'ಏಕೆಂದರೆ'? ಕವಿ ಹೇಳಿಲ್ಲ. ಅಷ್ಟು ಸಾಕಾಯಿತು. ಒಬ್ಬರು ದೇವರು ಉಳಿಯುತ್ತಾನೆ ಎಂದರು, ಒಬ್ಬರು ಪ್ರೇಮ ಎಂದರು, ಒಬ್ಬರು ಏನೂ ಉಳಿಯುವುದಿಲ್ಲ ಎಂಬುದೇ ಉಳಿಯುತ್ತದೆ ಎಂದು ಬರೆದು ಬಹುಮಾನ ತೆಗೆದುಕೊಂಡರು. ಪದ್ಯಕ್ಕೆ 'ಕಾರಣಗೀತೆ' ಎಂದು ಹೆಸರಿಟ್ಟರು. ಪ್ಯಾರಿಸ್ಸಿನ ಪ್ರೊಫೆಸರ್ ಬೆರಾಂಜೆರ್ ತಲ್ಮೋ ಅವರಂತೂ ಅದರ ಮೇಲೆ ನಾನೂರ ಹನ್ನೆರಡು ಪುಟದ ಪುಸ್ತಕ ಬರೆದರು. ಪುಸ್ತಕದ ಹೆಸರೇ 'ಏಕೆಂದರೆ'. ನಮ್ಮ ಶಾಲೆಯಲ್ಲಿ ಪ್ರತಿ ಮಗುವೂ ಆ ಪದ್ಯವನ್ನು ಅಳುಮುಖ ಹಾಕಿಕೊಂಡು ಒಪ್ಪಿಸಬೇಕು. ನಗುತ್ತಾ ಒಪ್ಪಿಸಿದರೆ ಅಂಕ ಕಡಿಮೆ.

ಈಗ ನೀವು ಕೇಳಬಹುದು, ಇಷ್ಟು ವರ್ಷ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ ಎಂದು. ಹೇಗೆ ಹೊಳೆಯಬೇಕು ಹೇಳಿ. ಪದ್ಯ ಓದಿದವರಿಗೆ ಹಳೆಯ ಮಾತು ಬರುತ್ತಿರಲಿಲ್ಲ. ಹಳೆಯ ಮಾತು ಬರುತ್ತಿದ್ದವರು ಬಾಗಿಲಾಚೆ ನಿಂತಿದ್ದರು.

ಮೂರು ತಿಂಗಳ ಹಿಂದೆ ಮೇಯರ್ ರೇಜಿಸ್ ಬುಲ್ನುವಾ ಸಾಹೇಬರಿಗೆ ಒಂದು ಯೋಚನೆ ಬಂತು. ಕವಿಗೆ ಏಳುನೂರೈವತ್ತು ತುಂಬಿತಲ್ಲ, ಚೌಕದಲ್ಲಿ ಒಂದು ಕಲ್ಲು ನಿಲ್ಲಿಸಬೇಕು, ಆ ಎರಡು ಪದ ಕೆತ್ತಿಸಬೇಕು, ಪ್ರೊಫೆಸರ್ ತಲ್ಮೋ ಬಂದು ಪರದೆ ಸರಿಸಬೇಕು. ಎಲ್ಲಿ ನಿಲ್ಲಿಸುವುದು? ಗಂಟೆಗೋಪುರದ ಎದುರಿಗೆ. ಅಂದರೆ ಎಲ್ಲಿ? ಅತ್ತೆಯ ಗಾಡಿ ಇರುವಲ್ಲಿ.

ಪುರಸಭೆಯಲ್ಲಿ ಠರಾವಾಯಿತು. ರೇಜಿಸ್ ಸಾಹೇಬರು ಅದರ ಕೊನೆಗೆ ಸ್ವಂತ ಕೈಯಿಂದ ಒಂದು ವಾಕ್ಯ ಸೇರಿಸಿದರು: "ಕಲ್ಲಿನಲ್ಲಿ ಕೆತ್ತಿದ ಕವಿವಾಣಿಯನ್ನು ವಾವ್ರಕೂರ್ ತನ್ನ ಮಾತೆಂದೇ ಒಪ್ಪಿ, ಈ ಚೌಕದಲ್ಲಿ ಎಂದೆಂದಿಗೂ ನಡೆಸಿಕೊಡುತ್ತದೆ." ಎಲ್ಲರೂ ಚಪ್ಪಾಳೆ ಹೊಡೆದರು. ಅತ್ತೆಗೆ ಒಂದು ಕಾಗದ ಬಂತು. ಕಲ್ಲು ನಿಲ್ಲಿಸುವ ಶನಿವಾರದಿಂದ ಅವಳ ಗಾಡಿ ಆಟದ ಮೈದಾನದ ಹಿಂದೆ, ಹಳೆ ಬಾಟಲಿ ಎಸೆಯುವ ತೊಟ್ಟಿಗಳ ಪಕ್ಕದಲ್ಲಿ ನಿಲ್ಲಬೇಕು.

ಆ ಜಾಗ ನೋಡಿದ್ದೀರಾ? ಅಲ್ಲಿಗೆ ನಾಯಿಯೂ ಯಾರಾದರೂ ಎಳೆದುಕೊಂಡು ಹೋದರೆ ಮಾತ್ರ ಹೋಗುತ್ತದೆ. ಅಲ್ಲಿ ನಿಂತರೆ ಅತ್ತೆಯ ವ್ಯಾಪಾರ ಒಂದು ತಿಂಗಳೂ ನಡೆಯದು. ವ್ಯಾಪಾರ ಹಾಗಿರಲಿ, ಗಂಡ ಹೋದ ಮೇಲೆ ಅವಳಿಗೆ ಮಾತನಾಡಲು ಇದ್ದದ್ದು ಆ ಚೌಕ ಒಂದೇ. ಅವಳು ಪುರಸಭೆಗೆ ಹೋಗಿ ಜಗಳವಾಡಿದಳು. ಮೇಯರ್ ಹಸುಗೂಸಾಗಿದ್ದಾಗ, ಹಲ್ಲು ಬರುವ ಮುಂಚೆಯೇ, ತಾನು ಮನೆಯಲ್ಲಿ ಕರಿದ ಫ್ರೈಸನ್ನು ಅವರಿಗೆ ಚೀಪಿಸಿದ್ದನ್ನು ಗುಮಾಸ್ತರ ಮುಂದೆ ನೆನಪಿಸಿದಳು. ಏನೂ ನಡೆಯಲಿಲ್ಲ. ಎರಡು ವಾರ ಅವಳು ಕರಿದ ಆಲೂಗಡ್ಡೆ ಮೆತ್ತಗಿತ್ತು. ಊರಿನಲ್ಲಿ ಯಾರಿಗೂ ಅದನ್ನು ಅವಳ ಮುಖದ ಮುಂದೆ ಹೇಳುವ ಧೈರ್ಯ ಬರಲಿಲ್ಲ.

ಗುರುವಾರ ಬೆಳಿಗ್ಗೆ ಕಲ್ಲು ಬಂತು. ಗಾಡಿಯ ಪಕ್ಕದಲ್ಲೇ ಇಳಿಸಿದರು. ಕಲ್ಲುಕುಟಿಗ ಗೋಣಿ ಬಿಚ್ಚಿ ಧೂಳು ಒರೆಸಿದ. ಅತ್ತೆ ಸೌಟು ಹಿಡಿದೇ ಬಗ್ಗಿ ನೋಡಿದಳು. ದೊಡ್ಡ ದೊಡ್ಡ ಅಕ್ಷರ: ಕಾರ್ ದೆಮೂರ್.

ಅವಳು ಒಂದು ಸಲ ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದಳು. ಅವಳಿಗೆ ಅದು ಒಂದೇ ಅರ್ಥ ಕೊಟ್ಟಿತು: ಗಾಡಿ ಇಲ್ಲೇ ಇರುತ್ತದೆ.

"ಇದ್ ಯಾರ್ ಬರ್ಸಿದ್ದು?" ಎಂದು ಕೇಳಿದಳು.

"ಮೇಯರ್ ಸಾಹೇಬ್ರು," ಎಂದ ಕಲ್ಲುಕುಟಿಗ.

ಅತ್ತೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಕಲ್ಲುಕುಟಿಗ ಗಾಬರಿಯಾಗಿ ಕಾಗುಣಿತ ತಪ್ಪಾಯಿತೇನೋ ಎಂದು ತನ್ನ ಚೀಟಿ ತೆಗೆದು ನೋಡಿಕೊಂಡ.

ಒಂದು ದೊಡ್ಡ ಪೊಟ್ಟಣ ಫ್ರೈಸ್ ಕಟ್ಟಿಕೊಂಡು ಅವಳು ಸೀದಾ ಮೇಯರ ಕೋಣೆಗೆ ಹೋದಳು. ಅಲ್ಲಿ ನಡೆದ ಮಾತು ನಾನು ಗುಮಾಸ್ತರ ಬಾಯಿಂದಲೇ ಕೇಳಿದ್ದು.

"ನಿಂಗೆ ಥ್ಯಾಂಕ್ಸ್ ಹೇಳಾಕ್ ಬಂದೆ ಕಣ್ಲಾ ರೇಜಿಸ್. ಕಲ್ ನೋಡ್ದೆ."

ಮೇಯರಿಗೆ ನಂಬಿಕೆ ಬರಲಿಲ್ಲ. "ನೋಡಿದ್ಯಾ ಅತ್ತೆ? ಹೆಂಗಿದೆ?"

"ಹೆಂಗಿದೆ ಅಂತ ಕೇಳ್ತೀಯಲ್ಲೋ! ನನ್ ಗಂಡ ಬದುಕಿದ್ದಾಗ್ಲೂ ಇಂತಾ ಮಾತ್ ಆಡಿರ್ನಿಲ್ಲ. ಅದೂ ಕಲ್ಲಲ್ಲಿ!"

"ಎರಡೇ ಪದ ಅತ್ತೆ. ಆದ್ರೆ ಎಂಥಾ ಆಳ ಅಲ್ವಾ?"

"ಆಳ ಏನ್ ಬಂತು, ನೆಟ್ಟಗದೆ. ಎಂತಾವ್ರಿಗೂ ಅರ್ತ ಆಯ್ತದೆ."

"ಅಯ್ಯೋ, ಪ್ಯಾರಿಸ್‌ನೋರಿಗೇ ನೂರು ವರ್ಷ ಹಿಡೀತು."

"ಅವ್ರಿಗ್ ಎಲ್ಲಾದೂ ತಡ ಕಣ್ಲಾ."

ಮೇಯರ್ ಒಂದು ಫ್ರೈಸ್ ಬಾಯಿಗೆ ಹಾಕಿಕೊಂಡು, ಧೈರ್ಯ ತಂದುಕೊಂಡು ಕೇಳಿದರು: "ಹಂಗಾದ್ರೆ ಶನಿವಾರ ನೀನು ಗಲಾಟೆ ಮಾಡಲ್ಲ ತಾನೆ?"

"ನಾನ್ಯಾಕ್ಲಾ ಮಾಡ್ಲಿ? ಕಲ್ ಏನ್ ಹೇಳ್ತದೋ ಹಂಗೇ ನಡ್ಕತೀನಿ."

ಮೇಯರ ಕಣ್ಣಲ್ಲಿ ನೀರು ಬಂದಿತಂತೆ. ಕಾವ್ಯದ ಶಕ್ತಿ ಎಂಥದ್ದು ನೋಡಿ ಎಂದು ಆಮೇಲೆ ಗುಮಾಸ್ತರಿಗೆ ಹೇಳಿದರಂತೆ.

ಶನಿವಾರ ಬಂತು. ಹನ್ನೊಂದು ಗಂಟೆಗೆ ಸಮಾರಂಭ. ಕಲ್ಲಿಗೆ ನೀಲಿ ಬಟ್ಟೆ ಹೊದಿಸಿದ್ದರು. ಅದರ ಒಂದು ಮೊಳ ಪಕ್ಕದಲ್ಲಿ ಅತ್ತೆಯ ಗಾಡಿ ಬೆಳಗಾಗುವಷ್ಟರಲ್ಲೇ ಬಂದು ನಿಂತಿತ್ತು, ತೊಳೆದು, ಒರೆಸಿ, ಕಾಗದದ ಹೂವಿನ ಮಾಲೆ ಹಾಕಿಕೊಂಡು. ಬಾಗಿಲ ಪಕ್ಕದ ಮಡಚು ಕುರ್ಚಿಯಲ್ಲಿ ಅಶಿಲ್ ತಾತ ಕೂತಿದ್ದ. ತೊಂಬತ್ತೊಂದು ವರ್ಷ. ನಮ್ಮಲ್ಲಿ ಬೀಟ್‌ರೂಟಿಗೆ ಕುದುರೆಗಾಡಿ ಹೂಡಿದವರಲ್ಲಿ ಉಳಿದಿರುವವನು ಅವನೊಬ್ಬನೇ. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟವನು, ಪದ್ಯದ ತರಗತಿಯವರೆಗೆ ತಲುಪಲೇ ಇಲ್ಲ.

ಒಂಬತ್ತೂ ಮುಕ್ಕಾಲಿಗೆ ರೈಲಿನಿಂದ ಇಳಿದ ಒಬ್ಬ ಹೆಂಗಸು, ಬೂದು ಬಣ್ಣದ ಸ್ಕಾರ್ಫು, ಹೆಗಲಿಗೆ ಭಾರದ ಚೀಲ, ಗಾಡಿಯ ಮುಂದೆ ಬಂದು ನಿಂತರು.

"ಒಂದು ಚಿಕ್ಕ ಪೊಟ್ಟಣ ಕೊಡ್ತೀರಾ ಮದಾಂ?"

"ಚಿಕ್ದು ಮಕ್ಳಿಗೆ. ಎಲ್ಲಿಂದ ಬಂದ್ರಿ?"

"ಪ್ಯಾರಿಸ್‌ನಿಂದ."

"ಅಯ್ಯೋ ಪಾಪ. ಹಂಗಾದ್ರೆ ದೊಡ್ದೇ ತಿನ್ನಿ."

ಅವರು ನಿಂತೇ ತಿನ್ನತೊಡಗಿದರು. ಮೊದಲನೆಯದು ಬಾಯಿಗೆ ಹೋದ ಕೂಡಲೇ ಕಣ್ಣು ಮುಚ್ಚಿಕೊಂಡರು. ಅತ್ತೆಗೆ ಅವರ ಮೇಲೆ ಒಳ್ಳೆಯ ಅಭಿಪ್ರಾಯ ಬಂತು.

"ಈ ಜಾಗ ಇವತ್ತು ಖಾಲಿ ಇರತ್ತೆ ಅಂತ ಹೇಳಿದ್ರಲ್ಲ ನಂಗೆ?" ಎಂದರು ಆ ಹೆಂಗಸು.

"ಖಾಲಿ ಮಾಡುಸ್ತಿದ್ರು. ಆಮೇಕೆ ಮನ್ಸ್ ಬದ್ಲಾಯ್ಸಿದ್ರು. ಕಲ್ಲಲ್ಲೇ ಬರ್ಸವ್ರಲ್ಲ, ಗಾಡಿ ಇಲ್ಲೇ ಇರ್ತದೆ ಅಂತ."

ಫ್ರೈಸ್ ಬಾಯಿಯ ಹತ್ತಿರ ನಿಂತುಹೋಯಿತು. ಹೆಂಗಸು ಹೋಗಿ ನೀಲಿ ಬಟ್ಟೆಯ ಅಂಚು ಎತ್ತಿ ಇಣುಕಿ, ನಗುತ್ತಾ ವಾಪಸ್ ಬಂದರು.

"ಮದಾಂ, ಅದು 'ಏಕೆಂದರೆ ಉಳಿಯುತ್ತದೆ'. ಹಳೇ ಕವಿತೆಯ ಸಾಲು. ನಾನು ಬೆರಾಂಜೆರ್ ತಲ್ಮೋ. ಅದರ ಮೇಲೆ ಪುಸ್ತಕ ಬರ್ದಿದ್ದೀನಿ."

"ಎಲ್ಲೈತೆ ಏಕೆಂದರೆ?"

"ಅದೇ, ಕಾರ್."

"ಕಾರ್ ಅಂದ್ರೆ ಗಾಡಿ."

"ಕಾರ್ ಅಂದ್ರೆ ಏಕೆಂದರೆ."

"ಹಂಗಾದ್ರೆ ನಮ್ಮಪ್ಪ ನಲವತ್ ವರ್ಸ ಏಕೆಂದರೆಗೆ ಕುದ್ರೆ ಕಟ್ತಿದ್ನಾ?"

ಅಶಿಲ್ ತಾತ ಕುರ್ಚಿಯಿಂದಲೇ, "ಏಕೆಂದರೆಗೆ ಕೀಲೆಣ್ಣೆ ಹಾಕ್ದೆ ಇದ್ರೆ ಬಲು ಕಿರಚ್ತದೆ ತಾಯಿ," ಎಂದ.

ಅತ್ತೆಯ ನಗು ಮಾತ್ರ ಅಲ್ಲಿಗೇ ನಿಂತಿತು. ಅವಳು ಸೌಟು ಕೆಳಗಿಟ್ಟಳು. "ಅಂದ್ರೆ ಅದು ನನ್ ಗಾಡಿಗ್ ಬರ್ಸಿದ್ದಲ್ಲ? ರೇಜಿಸ್ ನನ್ನ ತೊಟ್ಟಿ ಪಕ್ಕಕ್ಕೇ ಕಳುಸ್ತಾನಾ?"

ಪ್ರೊಫೆಸರಿಗೆ ಆಗ ಅರ್ಥವಾಯಿತು, ಈ ಹೆಂಗಸು ತಮಾಷೆ ಮಾಡುತ್ತಿಲ್ಲ ಎಂದು. ಅವರಿಗೆ ಕೆಡುಕೆನಿಸಿತು. ಪದ್ಯ ಪೂರ್ತಿ ಕೇಳಿದರೆ ನಿಮಗೇ ತಿಳಿಯುತ್ತದೆ ಎಂದು ಸಮಾಧಾನ ಮಾಡಲು ಹೊರಟು ಮೊದಲ ನುಡಿ ಹೇಳಿದರು. ಹೇಳಿದ್ದು ಏಳುನೂರು ವರ್ಷದ ಹಿಂದಿನ ಉಚ್ಚಾರದಲ್ಲಿ; ಅದನ್ನು ಕಲಿಯಲು ಅವರಿಗೆ ಆರು ವರ್ಷ ಹಿಡಿದಿತ್ತು. ಅಶಿಲ್ ತಾತ ನೆಟ್ಟಗೆ ಕೂತ.

"ಓಹೋ, ಈವಮ್ಮ ನಮ್ಮಜ್ಜಿ ತರಾನೇ ಮಾತಾಡ್ತದಲ್ಲ!"

ಪದ್ಯ ಹೀಗಿದೆ, ನೀವೂ ಶಾಲೆಯಲ್ಲಿ ಅತ್ತುಕೊಂಡು ಒಪ್ಪಿಸಿದ್ದೀರಿ:

ಬಿಳಿಯವಳು ಕೊರಳು ಬಾಗಿಸಿ ನಿಂತಳು,
ಎಡದಲ್ಲೊಂದು ಬಲದಲ್ಲೊಂದು ಅಳುತ್ತಿತ್ತು,
ಕೆಸರಿನಿಂದ ನಾನು ಮೇಲಕ್ಕೆ ನೋಡಿದೆ,
ಕಾರ್ ದೆಮೂರ್.

"ಬಿಳಿಯವಳು ಅಂದ್ರೆ ಆತ್ಮ," ಎಂದು ವಿವರಿಸಿದರು ಪ್ರೊಫೆಸರ್. "ಎರಡು ಬದಿಯಲ್ಲಿ ಅಳೋದು ಆಸೆ ಮತ್ತು ಭಯ. ಕೆಸರು ಈ ಲೋಕ."

"ಅಲ್ಲ ತಾಯಿ," ಎಂದ ಅಶಿಲ್ ತಾತ ಬಹಳ ಮರ್ಯಾದೆಯಿಂದ. "ಬಿಳಿಯವ್ಳು ಕುದ್ರೆ. ಎಳ್ದೂ ಎಳ್ದೂ ಸಾಕಾಗಿ ಕತ್ ಬಗ್ಗಿಸೈತೆ. ಎಡಕ್ಕೊಂದ್ ಬಲಕ್ಕೊಂದ್ ಅಳೋದು ಚಕ್ರ. ಇವ್ನು ಅಚ್ಚಿನ ಕೆಳಗ್ ಬಿದ್ಕೊಂಡು ನೋಡ್ತಾವ್ನೆ. ನಾನ್ ಎಷ್ಟ್ ಸಲ ಬಿದ್ಕೊಂಡಿಲ್ಲ! ಗಾಡಿ ಹೂತೋಗೈತೆ ಅಷ್ಟೇಯ."

"ಎರಡನೇ ನುಡೀಲಿ ಒಬ್ಬ ಪಾದ್ರಿ ಬಂದು ಭುಜ ಕೊಡ್ತಾನೆ," ಎಂದರು ಪ್ರೊಫೆಸರ್, ದನಿ ಸ್ವಲ್ಪ ತಗ್ಗಿತ್ತು.

"ದೂಡಾಕೆ."

"ಅವನು ಆಕಾಶಕ್ಕೆ ಮೊರೆಯಿಡ್ತಾನೆ. ಕಾರ್ ದೆಮೂರ್."

"ಆಕಾಸ ಕೇಳ್ನಿಲ್ಲ. ಗಾಡಿ ಅಲ್ಲೇ ಅದೆ."

"ಮೂರರಲ್ಲಿ ಗಿರಣಿಯವನು..."

"ಅವ್ನೂ ದೂಡ್ದ. ಅಲ್ಲೇ ಅದೆ."

"ಏಳರಲ್ಲಿ ಸರದಾರ ಕುದುರೆಯಿಂದ ಇಳಿಯದೆ ಆಜ್ಞೆ ಮಾಡ್ತಾನೆ..."

ಅಶಿಲ್ ತಾತ ನಗಲು ಶುರುಮಾಡಿದ್ದ. ತೊಂಬತ್ತೊಂದು ವರ್ಷದ ಎದೆಯಲ್ಲಿ ಆ ನಗು ಹಳೆಯ ಪಂಪಿನಂತೆ ಕುಟ್ಟುತ್ತಿತ್ತು. "ಇಳೀದೆ! ಇಳೀದೇನೇ ಹೇಳ್ತಾನೆ! ಅದೇ ಸಕ್ರೆ ಕಾರ್ಖಾನೆ ಮ್ಯಾನೇಜ್ರ ತರಾ! ಗಾಡಿ ಅಲ್ಲೇ ಅದೆ ಕಣಪ್ಪೋ!"

ಪ್ರೊಫೆಸರ್ ತಲ್ಮೋ ನಗಲಿಲ್ಲ. ಅವರು ಇದ್ದಕ್ಕಿದ್ದಂತೆ ಚೀಲ ತೆರೆದು ತಮ್ಮದೇ ಪುಸ್ತಕ ತೆಗೆದು, ಎಣ್ಣೆಗೈಯಲ್ಲೇ ಪುಟ ತಿರುವಿದರು. ಇನ್ನೂರ ಏಳನೇ ಪುಟದ ಕೆಳಗೆ ಸಣ್ಣಕ್ಷರದ ಒಂದು ಟಿಪ್ಪಣಿ. ಅತ್ತೆ ಕೌಂಟರಿನಿಂದ ಬಗ್ಗಿ, "ಅಷ್ಟ್ ಸಣ್ಕೆ ಬರುದ್ರೆ ಯಾರ್ ಓದಬೇಕು?" ಎಂದಳು.

"ಯಾರೂ ಓದ್ಬಾರ್ದು ಅಂತಾನೇ," ಎಂದು ಪ್ರೊಫೆಸರ್ ಗಟ್ಟಿಯಾಗಿ ಓದಿದರು: "ಮೂಲ ಪ್ರತಿಯಲ್ಲಿ ಹನ್ನೆರಡು ಕಡೆಯೂ 'ಕಾರ್' ಪದದ ಬಾಲದಲ್ಲಿ ಒಂದು 'ಸ್' ಇದೆ. ಇದು ನಿದ್ದೆಗಣ್ಣಿನ ಬರಹಗಾರನ ತಪ್ಪಾದ್ದರಿಂದ ತೆಗೆದುಹಾಕಲಾಗಿದೆ."

"ತಪ್ಪು ಒಂದ್ ಕಡೆ ಮಾಡ್ಬೋದು. ಹನ್ನೆರಡ್ ಕಡೇನೂ ಒಂದೇ ತಪ್ಪಾ?" ಎಂದಳು ಅತ್ತೆ. ಅವಳಿಗೆ ಗಿರಾಕಿಗಳ ಸುಳ್ಳು ನೆಪಗಳನ್ನು ಪತ್ತೆಹಚ್ಚಿ ಅಭ್ಯಾಸ.

ವಿಷಯ ಇಷ್ಟೇ. ಆ ಕಾಲದ ಮಾತಿನಲ್ಲಿ ವಾಕ್ಯದೊಳಗೆ ಕೆಲಸ ಮಾಡುವುದರ ಹೆಸರಿಗೆ, ಅಂದರೆ ಕರ್ತೃಪದಕ್ಕೆ, ಮನುಷ್ಯನಾಗಲಿ ಕುದುರೆಯಾಗಲಿ ಗಾಡಿಯಾಗಲಿ, ಬಾಲದಲ್ಲಿ ಒಂದು 'ಸ್' ಹಚ್ಚುತ್ತಿದ್ದರು. 'ಏಕೆಂದರೆ' ಎಂಬ ಪದಕ್ಕೆ ಯಾವ ಕಾಲದಲ್ಲೂ ಬಾಲವಿಲ್ಲ. ಪ್ರೊಫೆಸರಿಗೆ ಇದು ಮೊದಲ ವರ್ಷದ ಪಾಠ. ಪದ್ಯ ಅಚ್ಚುಮಾಡಿಸಿದ ಪಾದ್ರಿ ಬಾಲ ಕತ್ತರಿಸಿದ, ಅವನ ಹಿಂದೆ ಬಂದವರು ಕತ್ತರಿಸಿದ ಜಾಗಕ್ಕೆ ಪೌಡರ್ ಹಚ್ಚಿದರು, ಇವರು ಅದರ ಮೇಲೆ ನಾನೂರ ಹನ್ನೆರಡು ಪುಟ ಹೊದಿಸಿದರು.

ಅಷ್ಟರಲ್ಲಿ ಹನ್ನೊಂದಾಯಿತು. ಬ್ಯಾಂಡಿನವರು ಬಂದರು, ಶಾಲೆಯ ಮಕ್ಕಳು ಅಳುಮುಖ ಹಾಕಿಕೊಂಡು ಸಾಲಾಗಿ ಬಂದರು, ಊರೆಲ್ಲ ಬಂತು. ಕೊನೆಗೆ ಮೂರು ಬಣ್ಣದ ಪಟ್ಟಿ ಎದೆಗೆ ಅಡ್ಡ ಹಾಕಿಕೊಂಡು ಮೇಯರ್ ಸಾಹೇಬರು ಬಂದವರು ಮಾಲೆ ಹಾಕಿಕೊಂಡ ಗಾಡಿಯನ್ನು ಕಂಡು ಅಲ್ಲೇ ನಿಂತರು.

"ಅತ್ತೆ! ಕಲ್ಲು ಹೇಳಿದಂಗೆ ನಡ್ಕೋತೀನಿ ಅಂದಿದ್ಯಲ್ಲ!"

"ನಡ್ಕಂಡೆ ಕಣ್ಲಾ. ಓದ್ಕೋ."

"ಅದು ಕವಿತೆ ಅತ್ತೆ! ತತ್ತ್ವ! ಟ್ರ್ಯಾಕ್ಟರ್ ತರಿಸ್ತೀನಿ ಈಗ, ಎಳೆಸ್ತೀನಿ!"

"ಎಳ್ಸು. ನಿನ್ಗಿಂತ ಮುಂಚೆ ಪಾದ್ರಿ, ಗಿರಣಿಯೋನು, ಸರ್ದಾರ ಎಲ್ರೂ ನೋಡವ್ರಂತೆ."

ಅಶಿಲ್ ತಾತ ಮತ್ತೆ ಪಂಪು ಕುಟ್ಟಿದಂತೆ ನಗತೊಡಗಿದ. ಜನಕ್ಕೆ ಏನೂ ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಮೇಯರ್ ಬೆವರು ಒರೆಸಿಕೊಂಡು ಪ್ರೊಫೆಸರ್ ಕಡೆ ತಿರುಗಿದರು.

"ಪ್ರೊಫೆಸರ್, ದಯವಿಟ್ಟು ನೀವೇ ಹೇಳ್ಬಿಡಿ. ನಿಮ್ಮ ಮಾತೇ ಕೊನೆ, ಎಲ್ಲರ ಮುಂದೆ ಹೇಳ್ತಿದ್ದೀನಿ. ಆ ಪದ 'ಏಕೆಂದರೆ' ಅಂತಾದ್ರೆ ಈ ಗಾಡಿ ಇವತ್ತೇ ಮೈದಾನದ ಹಿಂದಕ್ಕೆ ಹೋಗತ್ತೆ. ಅಲ್ವಾ? 'ಏಕೆಂದರೆ' ತಾನೆ?"

ಅತ್ತೆ ಗಾಡಿಯಿಂದ ಇಳಿದು ಬಂದಳು. ಅವಳ ಮೂವತ್ತೊಂದು ವರ್ಷ ಈಗ ಪ್ಯಾರಿಸ್ಸಿನ ಒಬ್ಬ ಹೆಂಗಸಿನ ಬಾಯಲ್ಲಿತ್ತು, ಅವಳ ಫ್ರೈಸಿನ ಜೊತೆಗೇ. ಆ ಹೆಂಗಸು ಈ ಪದ್ಯಕ್ಕೆ ಕೊಟ್ಟಿದ್ದ ಮೂವತ್ತು ವರ್ಷವೂ ಅಲ್ಲೇ ಇತ್ತು. ಅತ್ತೆ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದಳು:

"ನೋಡಿ ತಾಯಿ, ನಿಮ್ಗೆ ಗೊತ್ತಿರಾದ್ ಹೇಳಿ. ನನ್ ಮಕ ನೋಡಬೇಡಿ."

ಪ್ರೊಫೆಸರ್ ಅವಳ ಮುಖ ನೋಡಲಿಲ್ಲ. ತಮ್ಮ ಪುಸ್ತಕ ನೋಡಿದರು. ಅದರ ಹೊದಿಕೆಯ ಮೇಲೆ ದೊಡ್ಡದಾಗಿ 'ಏಕೆಂದರೆ' ಎಂದಿತ್ತು, ಅದರ ಮೇಲೆ ಅವರ ಹೆಬ್ಬೆಟ್ಟಿನ ಕೊಬ್ಬಿನ ಗುರುತಿತ್ತು. ಅವರು ಪುಸ್ತಕವನ್ನು ಮುಚ್ಚಿ, ಗಂಟಲು ಸರಿಮಾಡಿಕೊಂಡರು.

"ಗಾಡಿ," ಎಂದರು.

"ಏನಂದ್ರಿ?" ಎಂದರು ಮೇಯರ್.

"ಗಾಡಿ. ಕವಿ ಕೆಸರಲ್ಲಿ ಗಾಡಿ ದೂಡ್ತಿದ್ದ. ನಾವೆಲ್ಲ ಸೇರಿ ನೂರೈವತ್ತು ವರ್ಷ ಅವನನ್ನ ಅಳಿಸ್ತಿದ್ವಿ. ಅವನು ಅಳ್ತಾ ಇರ್ಲಿಲ್ಲ ಮೇಯರ್ ಸಾಹೇಬ್ರೆ. ಬೈತಾ ಇದ್ದ."

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ಬರೆದು ತಂದಿದ್ದ ಭಾಷಣ ಚೀಲದಲ್ಲೇ ಬಿಟ್ಟು, ಗಾಡಿಯ ಮೆಟ್ಟಿಲ ಮೇಲೆ ಹತ್ತಿ, ಹನ್ನೆರಡು ನುಡಿಯನ್ನೂ ಮತ್ತೆ ಹೇಳಿದರು, ಈ ಸಲ ಪಾದ್ರಿಗೆ ಪಾದ್ರಿಯ ದನಿ, ಸರದಾರನಿಗೆ ಸರದಾರನ ದನಿ. ಮೂರನೇ ನುಡಿಗೆ ಮಕ್ಕಳು ನಕ್ಕರು. ಮೇಷ್ಟ್ರು ಕಣ್ಣು ಬಿಟ್ಟು ನೋಡಿದರು, ಆದರೆ ಐದನೇ ನುಡಿಗೆ ಮೇಷ್ಟ್ರೂ ನಕ್ಕರು. ಎಂಟರಿಂದಾಚೆ ಕೊನೆಯ ಸಾಲನ್ನು ಪ್ರೊಫೆಸರ್ ಹೇಳಬೇಕಾಗಿರಲಿಲ್ಲ. ಇಡೀ ಚೌಕ ಕೂಗುತ್ತಿತ್ತು: ಗಾಡಿ ಅಲ್ಲೇ ಇದೆ! ಹನ್ನೆರಡನೆಯದಕ್ಕೆ ಬ್ಯಾಂಡಿನವನು ಡೋಲು ಬಾರಿಸಿದ.

ಮೇಯರ್ ಬಿಡಲಿಲ್ಲ. "ಸರಿ, ಪದ್ಯದಲ್ಲಿ ಗಾಡಿ ಇರ್ಲಿ. ಅದು ಕವಿಯ ಗಾಡಿ. ಅತ್ತೆ ಗಾಡಿಗೂ ಅದಕ್ಕೂ ಏನು?"

ಆಗ ಗುಮಾಸ್ತರು ಕೆಮ್ಮಿದರು. ಹದಿನೇಳು ವರ್ಷದಿಂದ ಪುರಸಭೆಯಲ್ಲಿ ಯಾರೂ ಅವರ ಅಭಿಪ್ರಾಯ ಕೇಳಿರಲಿಲ್ಲ. ಅವರು ಫೈಲು ತೆರೆದು ಮೇಯರ ಸ್ವಂತ ಕೈಬರಹದ ವಾಕ್ಯವನ್ನು ಒಂದೊಂದೇ ಪದ ಬಿಡಿಸಿ ಓದಿದರು: ಕಲ್ಲಿನಲ್ಲಿ ಕೆತ್ತಿದ ಮಾತನ್ನು ಊರು ತನ್ನ ಮಾತೆಂದೇ ಒಪ್ಪಿ, ಈ ಚೌಕದಲ್ಲಿ, ಎಂದೆಂದಿಗೂ, ನಡೆಸಿಕೊಡುತ್ತದೆ.

"ಈ ಚೌಕದಲ್ಲಿ ಇರೋದು ಒಂದೇ ಗಾಡಿ ಸಾರ್," ಎಂದರು.

ಜನ ಮತ್ತೆ ಕೂಗಿದರು. ಏನು ಕೂಗಿದರೆಂದು ನಾನು ಹೇಳಬೇಕಿಲ್ಲ. ಮೇಯರ್ ಕಲ್ಲು ನೋಡಿದರು, ಗಾಡಿ ನೋಡಿದರು, ಮುಂದಿನ ಮಾರ್ಚಿನಲ್ಲಿ ಬರುವ ಚುನಾವಣೆಯನ್ನೂ ನೋಡಿರಬೇಕು. ಕೊನೆಗೆ ನೀಲಿ ಬಟ್ಟೆ ತಾವೇ ಎಳೆದು ಹಾಕಿ, ತಮ್ಮ ಉದ್ದೇಶ ಮೊದಲಿನಿಂದಲೂ ಇದೇ ಆಗಿತ್ತು ಎಂದು ಒಂದು ಚಿಕ್ಕ ಭಾಷಣ ಮಾಡಿದರು.

ಮಧ್ಯಾಹ್ನವೆಲ್ಲ ಅತ್ತೆಗೆ ತಲೆ ಎತ್ತಲು ಪುರುಸೊತ್ತಿಲ್ಲ. ಸಾಲು ಬ್ರೆಡ್ ಅಂಗಡಿ ದಾಟಿ ಸೇತುವೆಯವರೆಗೆ ಹೋಗಿತ್ತು. ಪ್ರೊಫೆಸರ್ ಆಲೂಗಡ್ಡೆ ಸಿಪ್ಪೆ ತೆಗೆಯಲು ಕೂತರು, ಅತ್ತೆ ನೋಡಿ, "ಸಿಪ್ಪೆ ಜೊತೆ ಅರ್ಧ ಗೆಡ್ಡೆ ಹೋಗ್ತದಲ್ಲ ತಾಯಿ, ಏನ್ ಪುಸ್ತಕ ತಿದ್ದಂಗ್ ತಿದ್ತೀರಿ!" ಎಂದು ಚಾಕು ಕಿತ್ತುಕೊಂಡಳು. ನಾಲ್ಕು ಗಂಟೆಗೆಲ್ಲ ಪ್ಯಾರಿಸ್ಸಿನಿಂದ ಪ್ರೊಫೆಸರ ಫೋನಿಗೆ ಕರೆಗಳು ಶುರುವಾದವು. ಒಬ್ಬ ವಿಮರ್ಶಕ ಈಗಾಗಲೇ ಬರೆದುಬಿಟ್ಟಿದ್ದನಂತೆ: ಪದ ಗಾಡಿಯೇ ಇರಬಹುದು, ಆದರೆ ಗಾಡಿ ಎಂದರೆ ಆತ್ಮ.

"ಆತ್ಮಕ್ಕೆ ಎಷ್ಟ್ ಟೈರು ಅಂತ ಕೇಳಿ," ಎಂದಳು ಅತ್ತೆ ಕೊಬ್ಬಿನ ಮೇಲಿಂದಲೇ.

ಪ್ರೊಫೆಸರ್ ನಿಜವಾಗಿಯೂ ಕೇಳಿದರು. ಆ ಕಡೆಯವನು ಫೋನಿಟ್ಟನು.

ಆರೂವರೆಯ ರೈಲಿಗೆ ಅವರು ಹೊರಟಾಗ ಅತ್ತೆ ನಿಲ್ದಾಣದವರೆಗೆ ಹೋಗಲಿಲ್ಲ. ಕೈಯೂ ಕುಲುಕಲಿಲ್ಲ, ಕೈಯೆಲ್ಲ ಕೊಬ್ಬು. "ಪುಸ್ತಕ ಇನ್ನೊಂದ್ ಸಲ ಬರೀತೀರಾ?" ಎಂದು ಮಾತ್ರ ಕೇಳಿದಳು.

"ಬರೀಬೇಕು. ಇಪ್ಪತ್ತು ಪುಟ ಸಾಕಾಗತ್ತೆ ಅನ್ಸತ್ತೆ."

"ಅದ್ನ ಓದ್ತೀನಿ," ಎಂದಳು ಅತ್ತೆ. "ಅಕ್ಸರ ದೊಡ್ದ್ ಮಾಡ್ಸಿ."

ಜನ ಕರಗಿದರು. ಅಶಿಲ್ ತಾತನನ್ನು ಮೊಮ್ಮಗಳು ಕುರ್ಚಿಸಮೇತ ಎಬ್ಬಿಸಿಕೊಂಡು ಹೋದಳು. ಅತ್ತೆ ಒಲೆ ಆರಿಸಿ, ಕೊಬ್ಬು ಸೋಸಿ, ಬಾಗಿಲು ಇಳಿಸಿದಳು. ಮೂವತ್ತೊಂದು ವರ್ಷದಲ್ಲಿ ಪ್ರತಿ ಸಂಜೆಯೂ ಅವಳು ಗಾಡಿಯನ್ನು ತನ್ನ ಹಳೆಯ ವ್ಯಾನಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಮನೆಗೆ ಎಳೆದುಕೊಂಡು ಹೋಗುತ್ತಿದ್ದಳು. ರಾತ್ರಿ ಚೌಕದಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಯಾರಾದರೂ ಗಾಡಿಯನ್ನೇ ಎಳೆದುಕೊಂಡು ಹೋದಾರು ಎಂಬ ಭಯ. ಆವತ್ತು ವ್ಯಾನನ್ನು ಹಿಂದಕ್ಕೆ ತಂದಳು, ಇಳಿದು ಕೊಕ್ಕೆ ಕೈಯಲ್ಲಿ ಹಿಡಿದಳು, ಕಲ್ಲಿನ ಕಡೆ ನೋಡಿದಳು. ಆಮೇಲೆ ಕೊಕ್ಕೆ ಬಿಟ್ಟು, ಎರಡು ಚಕ್ರದ ಕೆಳಗೂ ಒಂದೊಂದು ಮರದ ದಿಮ್ಮಿ ಒದ್ದು ಸಿಕ್ಕಿಸಿ, ಬರಿಯ ವ್ಯಾನು ಓಡಿಸಿಕೊಂಡು ಮನೆಗೆ ಹೋದಳು.